ಮನೆಯ ಚಿತ್ರ, ಮನೆತನದ ನೆನಪು

ಗೃಹಪ್ರವೇಶವಾದ ಹೊಸ ಮನೆಯಿರಲಿ, ಮಾರಾಟಕ್ಕೆಂದು ಇಟ್ಟ ಹಳೆಯ ಮನೆಯಿರಲಿ, ಅದರ ಕೋಣೆಗಳ ಚಿತ್ರಗಳನ್ನು ನುರಿತ ಛಾಯಾಗ್ರಾಹಕರಿಂದ ತೆಗೆಯಿಸುವ ರೂಢಿ ಇಂದು ಬೆಳೆಯುತ್ತಿದೆ. ಕೋಣೆಯ ಚಿತ್ರ ತೆಗೆಯುವುದರಲ್ಲಿ ಕಲಿಯಬೇಕಾದುದೇನಿದೆ ಎಂದು ಕೆಲವರು ಕೇಳಬಹುದು. ನಾವೂ ಹಾಗೆಯೇ ತಿಳಿದಿದ್ದೆವು. ಒಂದು ತಪ್ಪು ನಡೆದುಹೋದ ಮೇಲೆಯೇ ನಮಗೆ ಅದರ ಅರಿವಾಯಿತು.

ಕಣ್ಣಿನ ದಾಕ್ಷಿಣ್ಯ

ನಮ್ಮ ಕಣ್ಣು ತನಗೆ ಬೇಕಾದುದನ್ನು ಮಾತ್ರ ಆಯ್ದು ನೋಡುತ್ತದೆ. ಮೂಲೆಯ ಬಕೆಟ್ಟು, ಗೋಡೆಯ ವಾಯರು, ಕಳೆದ ವರ್ಷದ ಕ್ಯಾಲೆಂಡರು ದಿನವೂ ಎದುರಿಗಿದ್ದರೂ ನಮ್ಮ ಗಮನಕ್ಕೆ ಬರುವುದಿಲ್ಲ. ಕ್ಯಾಮರಾಕ್ಕೆ ಆ ದಾಕ್ಷಿಣ್ಯವಿಲ್ಲ. ಅಂತೆಯೇ ಚಿತ್ರಕ್ಕೆ ಮುನ್ನ ಕೋಣೆಯನ್ನು ಅಣಿಗೊಳಿಸಬೇಕಾಗುತ್ತದೆ.

ಬೆಳಕಿನದೂ ಇದೇ ಕಥೆ. ಕಿಟಕಿಯಾಚೆಯ ಬಿಸಿಲು ಒಳಗಿನ ಬೆಳಕಿಗಿಂತ ಅನೇಕ ಪಟ್ಟು ಪ್ರಖರ. ಹೊರಗಿನದು ಕಾಣುವಂತೆ ತೆಗೆದರೆ ಕೋಣೆ ಕತ್ತಲಾಗುತ್ತದೆ. ಕೋಣೆ ಕಾಣುವಂತೆ ತೆಗೆದರೆ ಕಿಟಕಿ ಬರಿಯ ಬಿಳುಪಾಗುತ್ತದೆ. ಆದುದರಿಂದ ಬಲ್ಲವರು ಕ್ಯಾಮರಾವನ್ನು ಸ್ಟ್ಯಾಂಡಿನ ಮೇಲೆ ಕದಲದಂತೆ ನಿಲ್ಲಿಸಿ, ಹೆಚ್ಚು ಕಡಿಮೆ ಬೆಳಕಿನ ಹಲವು ಚಿತ್ರಗಳನ್ನು ತೆಗೆದು ಒಂದಾಗಿ ಕೂಡಿಸುತ್ತಾರೆ; ಇಲ್ಲವೇ ಒಳಗೆ ಫ್ಲ್ಯಾಶ್ ಬೆಳಕನ್ನು ಹಾಯಿಸುತ್ತಾರೆ. ಕ್ಯಾಮರಾ ಕೊಂಚ ಮೇಲಕ್ಕೆ ಮುಖಮಾಡಿದರೂ ನೆಟ್ಟಗಿನ ಕಂಬಗಳು ಒಂದರತ್ತ ಒಂದು ವಾಲಿದಂತೆ ಕಾಣುವುದರಿಂದ ಅದನ್ನು ಮಟ್ಟಸವಾಗಿ ಇಡುತ್ತಾರೆ. ಹಳದಿ ದೀಪವೂ ಹಗಲಿನ ಬೆಳಕೂ ಬೆರೆತರೆ ಗೋಡೆಯ ಬಣ್ಣ ಕೆಡುವುದೆಂದು ಅನೇಕ ವೇಳೆ ದೀಪಗಳನ್ನು ಆರಿಸುತ್ತಾರೆ.

ಲಾಸ್ ಏಂಜಲೀಸ್‌ನ ಗಾಜಿನ ಮನೆ

ಈ ವೃತ್ತಿಯಲ್ಲಿ ಜಗತ್ಪ್ರಸಿದ್ಧರಾದವರು ಅಮೆರಿಕದ ಜೂಲಿಯಸ್ ಶುಲ್ಮನ್ (1910–2009). ಲಾಸ್ ಏಂಜಲೀಸ್ ನಗರದ ಗುಡ್ಡವೊಂದರ ಅಂಚಿನಲ್ಲಿ ವಾಸ್ತುಶಿಲ್ಪಿ ಪಿಯರ್ ಕೋನಿಗ್ ಅವರು ರಚಿಸಿದ ಗಾಜಿನ ಮನೆಯನ್ನು 1960ರ ಮೇ ತಿಂಗಳಲ್ಲಿ ಅವರು ಚಿತ್ರಿಸಿದರು. ಗಾಜಿನ ಗೋಡೆಯೊಳಗೆ ಇಬ್ಬರು ತರುಣಿಯರು ಮಾತನಾಡುತ್ತ ಕುಳಿತಿದ್ದಾರೆ. ಕೆಳಗೆ ನಗರದ ದೀಪಗಳು ಸಾಲುಸಾಲಾಗಿ ಹರಡಿವೆ. ನೋಡಿದವರು ಅದು ಆ ಮನೆಯವರ ನೆಮ್ಮದಿಯ ಸಂಜೆಯೆಂದೇ ಭಾವಿಸುತ್ತಾರೆ. ವಾಸ್ತವದಲ್ಲಿ ಮನೆಯ ಕೆಲಸ ಅಂದಿಗೆ ಪೂರ್ತಿ ಮುಗಿದಿರಲಿಲ್ಲ. ಕುಳಿತ ತರುಣಿಯರು ಆ ಮನೆಯವರಲ್ಲ. ನಗರದ ದೀಪಗಳು ಮೂಡಲೆಂದು ಸುಮಾರು 7 ನಿಮಿಷ ಕ್ಯಾಮರಾವನ್ನು ತೆರೆದಿಟ್ಟು, ಬಳಿಕ ಕ್ಷಣಮಾತ್ರ ಫ್ಲ್ಯಾಶ್ ಬೆಳಗಿಸಿ, ಅದೇ ಫಿಲ್ಮಿನ ಮೇಲೆ ಕೋಣೆಯನ್ನೂ ತರುಣಿಯರನ್ನೂ ಅವರು ಮೂಡಿಸಿದರು.

ಇದನ್ನು ಸುಳ್ಳೆನ್ನಬಹುದೇ? ನಾವು ಹಾಗೆನ್ನಲಾರೆವು. ಆ ಗಾಜು, ಆ ಗುಡ್ಡ, ಆ ದೀಪಗಳು ಅಲ್ಲಿ ಇದ್ದಂಥವೇ. ಇನ್ನೂ ಯಾರೂ ಬಾಳದ ಮನೆಯಲ್ಲಿ ಬಾಳುವೆ ಹೇಗಿದ್ದೀತು ಎಂದು ತೋರಿಸುವುದೇ ಆ ಚಿತ್ರದ ಉದ್ದೇಶವಾಗಿತ್ತು. ಆದರೆ ಹೊಸ ಮನೆಗೆ ಒಪ್ಪುವ ಈ ಕ್ರಮ, ತಲೆಮಾರುಗಳು ಬಾಳಿದ ಮನೆಗೆ ಒಪ್ಪುವುದಿಲ್ಲ. ನಾವು ಎಡವಿದ್ದು ಇಲ್ಲಿಯೇ.

ನಾವು ಮಾಡಿದ ತಪ್ಪು

ನಮ್ಮ ಆಪ್ತರೊಬ್ಬರ ಹಿರಿಯರ ಮನೆ ಅಣ್ಣತಮ್ಮಂದಿರ ಪಾಲಾಗಿ, ಅದನ್ನು ಕೆಡಹುವುದೆಂದು ನಿಶ್ಚಯವಾಯಿತು. ಅದಕ್ಕೆ ಮುನ್ನ ಚಿತ್ರಗಳನ್ನು ತೆಗೆಯಿಸಿ ಇಟ್ಟುಕೊಳ್ಳಬೇಕೆಂದು ಅವರು ನಮ್ಮ ಸಲಹೆ ಕೇಳಿದರು. “ಸಾಮಾನುಗಳನ್ನೆಲ್ಲ ತೆಗೆಯಿಸಿರಿ, ಕಂಬ ತೊಲೆಗಳ ಅಂದ ಚೆನ್ನಾಗಿ ಕಾಣಲಿ” ಎಂದವರು ನಾವೇ. ಛಾಯಾಗ್ರಾಹಕರು ತಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡಿದರು. ಚಿತ್ರಗಳು ಅತ್ಯಂತ ಸುಂದರವಾಗಿ ಬಂದವು. ಕೆಲವು ದಿನಗಳಲ್ಲಿ ಮನೆ ನೆಲಸಮವಾಯಿತು.

ಆಮೇಲೆ ಆ ಚಿತ್ರಗಳನ್ನು ಮನೆಯ ಹಿರಿಯ ತಾಯಿಗೆ ತೋರಿಸಿದಾಗ ಅವರು ಬಹಳ ಹೊತ್ತು ನೋಡಿ, “ಇದು ಯಾರ ಮನಿಯೋ ತಮ್ಮಾ? ನಮ್ಮದು ಹಿಂಗ ಇದ್ದಿದ್ದಿಲ್ಲ” ಎಂದರು. ಪಡಸಾಲೆಯ ಗೂಟಕ್ಕೆ ಅವರು ಹಾಗೆಯೇ ಬಿಟ್ಟಿದ್ದ ಯಜಮಾನರ ರುಮಾಲು ಅಲ್ಲಿರಲಿಲ್ಲ. ನೀರಿನ ಹರವಿಯಿರಲಿಲ್ಲ, ಬೀಸುವ ಕಲ್ಲಿರಲಿಲ್ಲ. ನಮ್ಮ ಮಾತಿನಂತೆ ಅವೆಲ್ಲ ಹಿತ್ತಲಿಗೆ ಸಾಗಿದ್ದವು. ಆ ತಾಯಿಯ ಮುಂದೆ ನಮಗೆ ಮಾತು ಹೊರಡಲಿಲ್ಲ.

ಓದುಗರಲ್ಲಿ ಅರಿಕೆ

ಶರಣ ಬಂಧುಗಳು ಚಿತ್ರ ತೆಗೆಯಿಸುವ ಮೊದಲು ಅದು ಯಾರಿಗಾಗಿ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಬಾಡಿಗೆಗೋ ಮಾರಾಟಕ್ಕೋ ಆದರೆ ಹರಡಿದ ಸಾಮಾನುಗಳನ್ನು ತೆಗೆಯಿರಿ, ಗಾಜು ಕನ್ನಡಿಗಳನ್ನು ಒರೆಸಿರಿ, ಹಾಸಿಗೆಯ ಸುಕ್ಕು ಬಿಡಿಸಿರಿ. ಇದರಲ್ಲಿ ದೋಷವಿಲ್ಲ. ಆದರೆ ಅಗಲ ನೋಟದ ಲೆನ್ಸು ಚಿಕ್ಕ ಕೋಣೆಯನ್ನು ದೊಡ್ಡ ಸಭಾಂಗಣದಂತೆ ತೋರಿಸಬಲ್ಲದು. ಕೋಣೆಯ ಅಳತೆಯನ್ನು ಜೊತೆಗೇ ತಿಳಿಸುವುದು ಪ್ರಾಮಾಣಿಕತೆ. ಗೋಡೆಯ ಬಿರುಕನ್ನು ಚಿತ್ರದಲ್ಲಿ ಅಳಿಸಿಹಾಕುವುದು ಕೊಳ್ಳುವವರಿಗೆ ಮಾಡುವ ವಂಚನೆ.

ಚಿತ್ರವು ಮಕ್ಕಳು ಮೊಮ್ಮಕ್ಕಳ ಸಲುವಾಗಿಯಾದರೆ ಎರಡು ಸಲ ತೆಗೆಯಿಸಿರಿ. ಮೊದಲು ಏನನ್ನೂ ಮುಟ್ಟದೆ, ಮನೆ ಇದ್ದಂತೆಯೇ. ಅಡುಗೆಮನೆಯ ಮಸಿ, ಹಗ್ಗದ ಮೇಲಿನ ಬಟ್ಟೆ ಎಲ್ಲವೂ ಇರಲಿ. ಆಮೇಲೆ ಬೇಕಾದರೆ ಅಣಿಗೊಳಿಸಿ ಇನ್ನೊಮ್ಮೆ. ಯಾವ ವಸ್ತುವನ್ನು ತೆಗೆಯಬಾರದೆಂಬುದನ್ನು ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕೇಳಿ ತಿಳಿದುಕೊಳ್ಳಿರಿ; ನಾವು ಅದೊಂದನ್ನು ಕೇಳಿರಲಿಲ್ಲ. ಪ್ರತಿ ಚಿತ್ರದ ಜೊತೆಗೆ ಅದು ಯಾವ ಕೋಣೆ, ಯಾವ ವರ್ಷ ಎಂಬುದನ್ನು ಬರೆದಿಡಿರಿ.

ನಮ್ಮ ಮಾತನ್ನು ನಂಬಿದ ಆ ಕುಟುಂಬಕ್ಕೆ ಎರಡನೆಯ ಅವಕಾಶ ದೊರೆಯಲಿಲ್ಲ. ಹಳೆಯ ಮನೆ ಇನ್ನೂ ನಿಂತಿರುವ ಓದುಗರಿಗೆ ಆ ಅವಕಾಶವಿದೆ.