ಪರಸ್ಥಳದ ಬಾಡಿಗೆ ಮನೆ

ಚಿಂತಾಮಣಿ ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರನಗರವೆಂಬುದು ಆ ಸೀಮೆಯ ಹಿರಿಯರ ನಂಬಿಕೆ. ಅರಗಿನ ಮನೆಯಿಂದ ಪಾರಾದ ಪಾಂಡವರು ಅಲ್ಲಿ ಪರರ ಮನೆಯಲ್ಲಿ ತಂಗಿದ್ದರು. ಆ ಮನೆಗೆ ಬಕಾಸುರನ ಸರದಿ ಬಂದಾಗ ಕುಂತಿಯು ತನ್ನ ಮಗನನ್ನೇ ಕಳುಹಿಸಿದಳು. ಇದ್ದ ಮನೆಯ ಕಷ್ಟವನ್ನು ತನ್ನದೆಂದು ತಿಳಿಯುವುದೇ ಪರಸ್ಥಳದ ಬಾಳಿನ ಮೊದಲ ಧರ್ಮ.

ಇಂದು ಅದೇ ಸೀಮೆಯಿಂದ ಓದು, ಉದ್ಯೋಗಗಳಿಗಾಗಿ ಮಂಗಳೂರಿಗೆ ಹೋಗುವವರುಂಟು. ಬತ್ತಿದ ಕೆರೆ, ಆಳದ ಕೊಳವೆಬಾವಿಗಳನ್ನು ಕಂಡು ಬೆಳೆದವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅಲ್ಲಿನ ಮಳೆಯೇ ಬೆರಗು. ಆದುದರಿಂದ ಬಿಸಿಲುಗಾಲದಲ್ಲಿ ಮನೆ ನೋಡಿ ಮರುಳಾಗಬಾರದು. ಗೋಡೆಯಲ್ಲಿ ತೇವದ ಕಲೆಯಿದೆಯೇ, ಗಾಳಿ ಹಾಯುವುದೇ, ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಸ್ಥಳವಿದೆಯೇ ಎಂದು ವಿಚಾರಿಸಬೇಕು. ಉಪ್ಪುಗಾಳಿಗೆ ಕಬ್ಬಿಣವು ಬೇಗನೆ ತುಕ್ಕು ಹಿಡಿಯುವುದು. ಮಳೆಯೂರೆಂದು ನೀರಿನ ಚಿಂತೆ ಬಿಡುವಂತಿಲ್ಲ. ನಗರಕ್ಕೆ ನೀರೊದಗುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. 2019ರ ಬೇಸಿಗೆಯಲ್ಲಿ ಅಲ್ಲಿಯೂ ಸರದಿಯಂತೆ ನೀರು ಬಿಡಬೇಕಾಯಿತು.

ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳಿನದು. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕಾದುದು ಇದಕ್ಕೆ ಕಾರಣ. ಮುಂಗಡಕ್ಕೆ ರಸೀದಿ ಪಡೆಯಬೇಕು. ಸುಣ್ಣಬಣ್ಣ, ದುರಸ್ತಿ, ಕಟ್ಟಡದ ನಿರ್ವಹಣೆಯ ವೆಚ್ಚ ಯಾರದೆಂಬುದನ್ನು ಬರೆಸಿಕೊಳ್ಳಬೇಕು. ಬಾಯಿಮಾತಿನಲ್ಲಿ ಉಳಿದುದೇ ಮನೆ ಬಿಡುವಾಗ ಜಗಳವಾಗುವುದನ್ನು ನಾವು ಕಂಡಿದ್ದೇವೆ.

ಇನ್ನು ಹೊಂದಿ ಬಾಳುವ ಮಾತು. ನೆರೆಯಲ್ಲಿ ತುಳು, ಕೊಂಕಣಿ, ಬ್ಯಾರಿ ನುಡಿಗಳು ಕೇಳಿಬರುತ್ತವೆ. ಊರಿನಿಂದ ಒಯ್ದ ರಾಗಿಹಿಟ್ಟನ್ನು ತೇವ ತಗಲದ ಡಬ್ಬಿಯಲ್ಲಿಡಿ. ನೆರೆಯವರು ಕೊಟ್ಟ ಕುಚ್ಚಲಕ್ಕಿ ಗಂಜಿಯನ್ನೂ ಉಣ್ಣಿರಿ. ನಾಲ್ಕು ತುಳು ಮಾತು ಕಲಿಯಿರಿ. ಅವರ ಮನೆಯ ಕಾಯಿಲೆ ಕಸಾಲೆಗೆ ಮೊದಲು ಧಾವಿಸುವವರು ನೀವಾದರೆ ಬಾಡಿಗೆಯ ಮನೆಯೂ ಸ್ವಂತದ್ದೇ ಆಗುವುದು.