ತಾಯಿಯ ದನಿ, ಮಗಳ ಕಿವಿ

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು, ತಾಯಿಯು ಹಗಲೆಲ್ಲ ಪರರ ಉಡುಪುಗಳನ್ನು ಹೊಲಿದು ಇರುಳಿಗೆ ಮನೆ ಸೇರುವ ಕಾಲವನ್ನು ಕಂಡವರಲ್ಲ. ಬೆಂಗಳೂರಿನ ಪೀಣ್ಯದ ಸುತ್ತಣ ಬಡಾವಣೆಗಳಲ್ಲಿ ನಸುಕಿನ ಹೊತ್ತು ನಡೆದುಹೋದರೆ, ಗಾರ್ಮೆಂಟ್ಸಿಗೆ ಹೊರಡಲಿರುವ ತಾಯಿ ಒಲೆಯ ಮುಂದಿನಿಂದಲೇ "ಏಳೇ, ಹೊತ್ತಾಯ್ತು" ಎಂದು ಮೂರು ಸಲ ಕೂಗುವುದೂ, ಹದಿನಾಲ್ಕರ ಮಗಳು ಹೊದಿಕೆಯೊಳಗಿನಿಂದ "ನಿಂಗೇನೂ ಅರ್ಥ ಆಗಲ್ಲ ಬಿಡಮ್ಮ" ಎಂದು ಗೊಣಗುವುದೂ ಕೇಳಿಬರುತ್ತವೆ. ವೈಟ್‌ಫೀಲ್ಡಿನ, ಎಲೆಕ್ಟ್ರಾನಿಕ್ ಸಿಟಿಯ ಬಹುಮಹಡಿ ಮನೆಗಳಲ್ಲಿ ಕಂಪ್ಯೂಟರಿನ ಮುಂದೆ ದುಡಿಯುವ ತಾಯಿಗೂ ಇದೇ ಮಾತು ಎದುರಾಗುತ್ತದೆ.

ಈ ಪ್ರಾತಃಕಾಲದ ಕಲಹದಲ್ಲಿ ಸೋಮಾರಿತನದ ಪಾಲು ನಾವೆಣಿಸುವಷ್ಟಿಲ್ಲ. ಕತ್ತಲಾದಂತೆ ಮಿದುಳಿನ ಪೀನಿಯಲ್ ಗ್ರಂಥಿಯಿಂದ ಸ್ರವಿಸಿ ದೇಹಕ್ಕೆ ನಿದ್ರೆಯ ಮುನ್ಸೂಚನೆಯನ್ನೀಯುವ ಮೆಲಟೋನಿನ್ ಎಂಬ ರಸವು ಪ್ರಾಯಕ್ಕೆ ಬರುತ್ತಿರುವವರಲ್ಲಿ ಮೊದಲಿಗಿಂತ ತಡವಾಗಿ ಏರುತ್ತದೆಂಬುದನ್ನು ಅಮೆರಿಕದ ಮೇರಿ ಕಾರ್ಸ್‌ಕಡನ್ ಮೊದಲಾದವರು 1990ರ ದಶಕದಲ್ಲಿಯೇ ತೋರಿಸಿಕೊಟ್ಟರು. ಹತ್ತಕ್ಕೆ ಮಲಗೆಂದರೆ ಮಗಳಿಗೆ ನಿದ್ರೆ ಬಾರದು. ಐದಕ್ಕೆ ಏಳೆಂದರೆ ಅದು ಬಿಡದು.

ತಾಯಿಯ ಮನಸ್ಸನ್ನು ಇದಕ್ಕಿಂತ ಆಳವಾಗಿ ನೋಯಿಸುವುದು ಕೂಗಿದರೂ ಓಗೊಡದ ಆ ಕಿವಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಏಬ್ರಮ್ಸ್, ವಿನೋದ್ ಮೆನನ್ ಮತ್ತು ಸಂಗಡಿಗರು ಮಕ್ಕಳನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಯಾವ ಅರ್ಥವೂ ಇಲ್ಲದ ಕೆಲವು ಶಬ್ದಗಳನ್ನು ಒಮ್ಮೆ ತಾಯಿಯ ದನಿಯಲ್ಲಿ, ಒಮ್ಮೆ ಅಪರಿಚಿತ ಸ್ತ್ರೀಯರ ದನಿಯಲ್ಲಿ ಕೇಳಿಸಿದರು. ಶಬ್ದಕ್ಕೆ ಅರ್ಥವಿಲ್ಲದ ಕಾರಣ ಮಿದುಳು ಓಗೊಡುವುದೇನಿದ್ದರೂ ದನಿಗೆ ಮಾತ್ರ. 2016ರಲ್ಲಿ ಪ್ರಕಟವಾದ ಮೊದಲ ಶೋಧನೆಯಲ್ಲಿ, ಏಳರಿಂದ ಹನ್ನೆರಡು ವಯಸ್ಸಿನ ಮಕ್ಕಳ ಮಿದುಳಿನ ಸಂತೋಷಕೇಂದ್ರಗಳು ತಾಯಿಯ ದನಿಗೇ ಹೆಚ್ಚು ಮಿಡಿದವು. 2022ರ ಎರಡನೆಯ ಶೋಧನೆಯಲ್ಲಿ, ಹದಿಮೂರು ದಾಟಿದವರಲ್ಲಿ ಅದೇ ಕೇಂದ್ರಗಳು ಅಪರಿಚಿತ ದನಿಗಳತ್ತ ವಾಲಿದ್ದವು. ಗಂಡುಮಕ್ಕಳಲ್ಲಿಯೂ ಹೆಣ್ಣುಮಕ್ಕಳಲ್ಲಿಯೂ ಈ ಪಲ್ಲಟ ಸಮಾನವಾಗಿತ್ತು. ಮಗಳು ತಾಯಿಯ ದನಿಯನ್ನು ಮರೆತಳೆಂದು ಇದರಿಂದ ಯಾರೂ ಭಾವಿಸಬಾರದು. ಕ್ಷಣಮಾತ್ರದಲ್ಲಿ ಅದನ್ನು ಗುರುತಿಸುವ ಶಕ್ತಿ ಆ ವಯಸ್ಸಿನಲ್ಲಿಯೂ ಕುಂದಿರಲಿಲ್ಲ. ನಾಳೆ ಪರಕೀಯರ ನಡುವೆ ಬದುಕಬೇಕಾದ ಜೀವವು ಇಂದೇ ಅವರ ದನಿಗೆ ಕಿವಿಯನ್ನು ಸಜ್ಜುಗೊಳಿಸಿಕೊಳ್ಳುತ್ತಿದೆಯೆಂದು ನಾನು ತಿಳಿಯುತ್ತೇನೆ.

ಜಗಳವೇನೋ ತಾನಾಗಿ ಇಳಿಯುತ್ತದೆ. ಅನೇಕ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಬ್ರೆಟ್ ಲಾರ್ಸನ್ ಮತ್ತಿತರರು, ಹೆತ್ತವರೊಡನೆ ಮಕ್ಕಳ ಜಗಳಗಳು ಪ್ರಾಯದ ಆರಂಭದಲ್ಲಿ ಅತ್ಯಧಿಕವಾಗಿದ್ದು ಬರಬರುತ್ತ ಕಡಮೆಯಾಗುತ್ತವೆಂದೂ, ಆದರೆ ನಡುವಿನ ಕೆಲವು ವರ್ಷಗಳಲ್ಲಿ ಅವುಗಳ ಕಾವು ಏರುತ್ತದೆಂದೂ 1998ರಲ್ಲಿ ತಿಳಿಸಿದ್ದಾರೆ.

"ನಾನಾರು?" ಎಂಬ ಮಗಳ ಪ್ರಶ್ನೆ ಮಾತ್ರ ಜಗಳದೊಡನೆ ಶಮನವಾಗುವಂಥದಲ್ಲ. ಈ ತೊಳಲಾಟಕ್ಕೆ ಮನಶ್ಶಾಸ್ತ್ರದಲ್ಲಿ ಹೆಸರು ಕೊಟ್ಟ ಎರಿಕ್ ಎರಿಕ್ಸನ್, ತನ್ನ ಜನ್ಮದಾತನಾರೆಂಬುದನ್ನು ತಾಯಿಯ ಬಾಯಿಂದ ಕೊನೆಯವರೆಗೂ ಕೇಳಲಾರದೆ, ತನ್ನ ಕುಲನಾಮವನ್ನು ತಾನೇ ಇಟ್ಟುಕೊಂಡವನು. ತಾಯಿ ಹೇಳದೆ ಉಳಿಸಿದ ಕಥೆ ಮಗುವಿನ ಅಸ್ಮಿತೆಯಲ್ಲಿ ಎಂಥ ಬಿರುಕಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ನನಗೆ ಬೇಕಿಲ್ಲ. ನಮ್ಮ ಕೈಗಾರಿಕಾ ಬಡಾವಣೆಗಳ ತಾಯಂದಿರು ಗುಟ್ಟನ್ನೇನೂ ಬಚ್ಚಿಟ್ಟವರಲ್ಲ. ಟಾರ್ಗೆಟ್ಟು, ಓಟಿ, ಬಸ್ಸುಗಳ ನಡುವೆ ಅವರಿಗೆ ಮಗಳೊಡನಾಡಲು ಉಳಿಯುವುದು ಏಳು, ಉಣ್ಣು, ಓದು ಎಂಬ ಆಜ್ಞೆಗಳು ಮಾತ್ರ. ಆಜ್ಞೆಯ ದನಿ ಹಳೆಯದು. ಹೊಸದನ್ನರಸುವ ಕಿವಿ ಅದನ್ನು ದಾಟಿಹೋಗುತ್ತದೆ. ತಾಯಿಯಾಗುವ ಮುನ್ನ, ಊರು ಬಿಟ್ಟು ಬಂದ ಹುಡುಗಿಯೊಬ್ಬಳು ಆ ತಾಯಿಯೊಳಗೆ ಇದ್ದಳಲ್ಲ, ಅವಳ ದನಿ ಮಗಳ ಪಾಲಿಗೆ ಇನ್ನೂ ಅಪರಿಚಿತ.

ಮಗಳು ಕೇಳದ ಅಂಥ ದನಿ ಒಮ್ಮೆ ಬೀದಿಯಲ್ಲಿ ಮೊಳಗಿತ್ತು. 2016ರ ಏಪ್ರಿಲ್ 18 ಮತ್ತು 19ರಂದು, ಭವಿಷ್ಯನಿಧಿಯ ಹಣವನ್ನು ಐವತ್ತೆಂಟು ವರ್ಷ ತುಂಬುವವರೆಗೆ ಪೂರ್ತಿ ಹಿಂಪಡೆಯಲಾಗದಂತೆ ಮಾಡುವ ನಿಯಮದ ವಿರುದ್ಧ, ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಅವರಲ್ಲಿ ಬಹುಪಾಲು ಹೆಂಗಸರು, ತುಮಕೂರು ರಸ್ತೆಗೂ ಹೊಸೂರು ರಸ್ತೆಗೂ ಇಳಿದರು. ಎರಡನೆಯ ದಿನವೇ ಕೇಂದ್ರ ಸರಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಅಂದು ರಸ್ತೆಯಲ್ಲಿ ನಿಂತಿದ್ದ ತಾಯಂದಿರೇ, ಈ ಭಾನುವಾರ ಆ ಎರಡು ದಿನಗಳ ಕಥೆಯನ್ನು ನಿಮ್ಮ ಮಗಳಿಗೆ ಹೇಳಿರಿ.