ಹುರುಳಿ ಹಾದಿಯ ಕಾಂಟೆಸ್ಸಾ

ಸುಗ್ಗಿಯ ಕಾಲದಲ್ಲಿ ಮಡಕಶಿರಾ ಸೀಮೆಗೆ ಬಂದವರಿಗೆ ಗೊತ್ತು, ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಹುರುಳಿ, ರಾಗಿ, ತೊಗರಿ ಎಲ್ಲವನ್ನೂ ರಸ್ತೆಗೆ ಹರವಿ ಬಿಡುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರು ತುಳಿದು ಹೋದ ಹಾಗೆಲ್ಲ ಕಾಳು ಉದುರುತ್ತದೆ. ಊರ ರೋಣಗಲ್ಲು ಬೇಲಿಯ ಮಗ್ಗುಲಿಗೆ ಸೇರಿ ಎಷ್ಟೋ ವರ್ಷವಾಯಿತು.

2007ರ ಜನವರಿಯಲ್ಲಿ ಅಂಥದೊಂದು ಹುರುಳಿ ಕಣದ ಮೇಲೆ ನನ್ನ ಕಾಂಟೆಸ್ಸಾ ಕಾರು ಸುಟ್ಟು ಬೂದಿಯಾಗುವುದರಲ್ಲಿತ್ತು. ತಪ್ಪು ಹುರುಳಿಯದಲ್ಲ, ಹರವಿದವರದೂ ಅಲ್ಲ. ಶೋಕಿಗೆ ಬಿದ್ದು ಕಾರನ್ನು ನೆಲಕ್ಕೆ ತಗ್ಗಿಸಿದವನು ನಾನು. ಅದನ್ನು ಹೇಳುವ ಮೊದಲು ಕಾರಿನ ವಂಶಾವಳಿ ಸ್ವಲ್ಪ ಹೇಳಬೇಕು.

ಈಗಿನ ಹುಡುಗರು ಕಾಂಟೆಸ್ಸಾವನ್ನು ‘ಇಂಡಿಯಾದ ಮಸಲ್ ಕಾರು’ ಅಂತಾರೆ. ಮಸಲ್ ಅಂದರೆ ತೆಲುಗಿನಲ್ಲಿ ಕಂಡ, ಕನ್ನಡದಲ್ಲಿ ಮಾಂಸಖಂಡ. ಗಡಿಯ ಎರಡು ಕಡೆಗೂ ನಡುವೆ ಇರುವುದು ಒಂದು ಮಹಾಪ್ರಾಣ ಅಷ್ಟೆ. ಅಸಲು ಮಸಲ್ ಕಾರು ಅಮೆರಿಕದ್ದು. ನಡುಗಾತ್ರದ ಕಾರಿನೊಳಕ್ಕೆ ದೊಡ್ಡ ಕಾರಿನ ಇಂಜಿನ್ನು ಇಳಿಸಿ, ಹರೆಯದವರ ಕೈಗೆಟುಕುವ ಬೆಲೆಗೆ ಮಾರುವುದು ಅದರ ಸೂತ್ರ. ಜನರಲ್ ಮೋಟರ್ಸ್ ಕಂಪನಿಯ ಪಾಂಟಿಯಾಕ್ ವಿಭಾಗ 1964ರ ಮಾದರಿಯಾಗಿ ತಂದ ಜಿಟಿಓ ಕಾರನ್ನು ಆ ಪೀಳಿಗೆಯ ಹಿರಿಯಣ್ಣ ಅನ್ನುವುದು ರೂಢಿ. 6.4 ಲೀಟರಿನ ಎಂಟು ಸಿಲಿಂಡರ್ ಇಂಜಿನ್ನು, 325 ಅಶ್ವಶಕ್ತಿ. ಆಮೇಲೆ ವಿಮೆಯ ಕಂತು ಏರಿತು, ಹೊಗೆಯ ಕಾಯ್ದೆ ಬಿಗಿಯಾಯಿತು, 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. ಆ ಪೀಳಿಗೆ ಅಲ್ಲಿಗೆ ಸೊರಗಿತು.

ನಮ್ಮ ಕಾಂಟೆಸ್ಸಾ ಅದಕ್ಕೆ ದೂರದ ದಾಯಾದಿ. ಅದೇ ಜನರಲ್ ಮೋಟರ್ಸಿಗೆ ಸೇರಿದ್ದ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿ 1972ರಲ್ಲಿ ತನ್ನ ‘ವಿಕ್ಟರ್’ ಕಾರಿನ ಹೊಸ ಮಾದರಿ ತಂದಿತ್ತು. ಆ ವಂಶದ ಕಾರನ್ನೇ ಹಿಂದೂಸ್ತಾನ್ ಮೋಟರ್ಸ್ ಬಂಗಾಳದ ಉತ್ತರಪಾರಾದಲ್ಲಿ 1984ರಿಂದ ಕಾಂಟೆಸ್ಸಾ ಅಂತ ಹೆಸರಿಟ್ಟು ಮಾಡಿತು. ಉದ್ದ ಮೂತಿ, ಅಗಲ ಭುಜ, ನೋಡಲಿಕ್ಕೆ ಅಮೆರಿಕದ ಗತ್ತು. ಒಳಗಿದ್ದದ್ದು ಮಾತ್ರ ಅಂಬಾಸಿಡರಿನ 1489 ಸಿ.ಸಿ. ಇಂಜಿನ್ನು, ಸುಮಾರು 50 ಅಶ್ವಶಕ್ತಿ. ಜಟ್ಟಿಯ ಮೈ, ಕೂಸಿನ ಉಸಿರು. ಆಮೇಲೆ ಜಪಾನಿನ ಇಸುಝು ಕಂಪನಿಯ 1.8 ಲೀಟರ್ ಇಂಜಿನ್ನು, ಐದು ಗೇರು ಕೂಡಿಸಿ ‘ಕಾಂಟೆಸ್ಸಾ ಕ್ಲಾಸಿಕ್’ ತಂದ ಮೇಲೇ ಅದಕ್ಕೆ ಜೀವ ಬಂದದ್ದು. ಶಕ್ತಿ 85ರ ಮೇಲೆ. ತಯಾರಿಕೆ 2002ರಲ್ಲಿ ನಿಂತಿತು. 2014ರಲ್ಲಿ ಉತ್ತರಪಾರಾ ಕಾರ್ಖಾನೆಯೇ ಬಾಗಿಲು ಹಾಕಿತು.

ನಾನು ಹೈಸ್ಕೂಲಿನಲ್ಲಿದ್ದಾಗ ಚುನಾವಣೆಗೆ ಬಂದ ಬಿಳಿ ಕಾಂಟೆಸ್ಸಾದ ಹಿಂದೆ ಧೂಳು ತಿನ್ನುತ್ತಾ ಓಡಿದ್ದೆ. ಆ ಧೂಳು ಇಪ್ಪತ್ತು ವರ್ಷ ಗಂಟಲಲ್ಲೇ ಇತ್ತು ಅಂತ ಕಾಣುತ್ತದೆ. 2005ರಲ್ಲಿ ರೇಷ್ಮೆಗೂಡಿಗೆ ಒಳ್ಳೆ ರೇಟು ಸಿಕ್ಕಿದಾಗ ತುಮಕೂರಿನ ವ್ಯಾಪಾರಸ್ಥರೊಬ್ಬರ ಮನೆಯಿಂದ 1994ರ ಮಾಡಲ್ಲಿನ ಪೆಟ್ರೋಲ್ ಕ್ಲಾಸಿಕ್ ಒಂದನ್ನು 45 ಸಾವಿರಕ್ಕೆ ತಂದೆ. ‘ಅಷ್ಟು ದುಡ್ಡಿಗೆ ಒಂದು ಜೊತೆ ಎತ್ತು ಬರ್ತಿದ್ವು, ಅವು ಪೆಟ್ರೋಲನ್ನಾದ್ರೂ ಕುಡಿತಿರ್ಲಿಲ್ಲ’ ಅಂದಳು ನನ್ನ ಹೆಂಡತಿ. ಲೀಟರಿಗೆ ಎಂಟು ಕಿಲೋಮೀಟರು ಕೊಡುವ ಕಾರಿನ ಮುಂದೆ ಅವಳ ಮಾತಿಗೆ ಜವಾಬಿರಲಿಲ್ಲ.

ಎರಡು ರಾಜ್ಯದ ಕಾಗದ

ಗಡಿಯವನಿಗೆ ಕಾರು ಕೊಳ್ಳುವುದು ಸುಲಭ, ಅದನ್ನು ತನ್ನದು ಅನ್ನಿಸಿಕೊಳ್ಳುವುದು ಕಷ್ಟ. ಕಾರಿನ ನಂಬರು ಕೆಎ 06, ನನ್ನ ಊರು ಆಗಿನ ಅನಂತಪುರ ಜಿಲ್ಲೆ. ನಮ್ಮ ತಾಲ್ಲೂಕಿನ ಮೂರು ಕಡೆಗೆ ಕರ್ನಾಟಕವೇ ಇದ್ದು, ಸಂತೆ, ಆಸ್ಪತ್ರೆ, ಬೀಗತನ ಎಲ್ಲ ಶಿರಾ, ಪಾವಗಡ, ಮಧುಗಿರಿಯಲ್ಲೇ ಆದರೂ ಕಾಯ್ದೆಗೆ ಅದೆಲ್ಲ ಗೊತ್ತಿಲ್ಲ. ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇದ್ದರೆ ಇಲ್ಲಿನ ನಂಬರು ಪಡೆಯಬೇಕು ಅಂತ ಮೋಟಾರು ವಾಹನ ಕಾಯ್ದೆಯ 47ನೇ ಕಲಮು ಹೇಳುತ್ತದೆ. ಅಲ್ಲಿಂದ ನಿರಾಕ್ಷೇಪಣಾ ಪತ್ರ, ಇಲ್ಲಿ ಮತ್ತೆ ತೆರಿಗೆ. ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಕೊಡಬೇಕು. ಅಲ್ಲಿನ ಕಾಗದದಲ್ಲಿ ನನ್ನ ಹೆಸರಿಗೆ ಒಂದು ಇನಿಶಿಯಲ್ಲು, ಇಲ್ಲಿನ ರೇಶನ್ ಕಾರ್ಡಿನಲ್ಲಿ ಎರಡು. ಆ ಒಂದು ಅಕ್ಷರಕ್ಕೆ ಮೂರು ತಿಂಗಳು ಓಡಾಡಿದೆ. ಕಡೆಗೆ ಎಪಿ 02 ಬಂತು.

ಕಾಗದ ಕೈಗೆ ಬಂದದ್ದೇ ತಡ, ಹುಚ್ಚು ಹತ್ತಿತು. ಹಿಂದೂಪುರದ ಮೆಕ್ಯಾನಿಕ್ ಭಾಯ್ ಹತ್ತಿರ ಹೋದೆ. ಅವರು ಕೈಯಿಟ್ಟರೆ ಇಂಜಿನ್ನು ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು. ಸ್ಪ್ರಿಂಗಿನ ಒಂದೂವರೆ ಸುತ್ತು ಕತ್ತರಿಸಿ ಕಾರು ತಗ್ಗಿಸಬೇಕು, ಅಗಲದ ಟೈರು ಹಾಕಬೇಕು, ಸೈಲೆನ್ಸರ್ ತೆಗೆದು ನೇರ ಪೈಪು ಬಿಡಬೇಕು, ಮುಂದೆ ಎರಡೆರಡು ದುಂಡು ದೀಪ ಬೇಕು ಅಂದೆ.

‘ಅಣ್ಣಾ, ಇದೆಲ್ಲ ಬೆಂಗಳೂರಿನೋರ ಕೆಲ್ಸ. ನಿಮ್ಮೂರಿನ ರಸ್ತೆಗೆ ಆಗಲ್ಲ’ ಅಂದರು.

‘ನೀವು ಮಾಡಿ ಭಾಯ್, ರಸ್ತೆ ನಾನು ನೋಡ್ಕೊಂತೀನಿ.’

ಸುಳ್ಳೇಕೆ ಹೇಳಲಿ, ಓಡಿಸುವ ಸುಖ ಬೇರೆಯೇ. ಶಿರಾ ದಾಟಿ ಹೆದ್ದಾರಿಗೆ ಹತ್ತಿ, ಮೂರನೇ ಗೇರಿನಲ್ಲಿ ಒತ್ತಿ ಹಿಡಿದರೆ ಮೂತಿ ಮೆಲ್ಲಗೆ ಮೇಲೆದ್ದು, ಹಿಂದಿನ ಚಕ್ರ ಬೆನ್ನಿಗೆ ಕೈಕೊಟ್ಟು ತಳ್ಳಿದ ಹಾಗೆ ಆಗುತ್ತದೆ. ಮುಂದಿನ ಚಕ್ರ ಎಳೆಯುವ ಈಗಿನ ಕಾರುಗಳಲ್ಲಿ ಈ ತಳ್ಳುವಿಕೆ ಇಲ್ಲ. ನೇರ ಪೈಪಿನ ಸದ್ದು ಅರ್ಧ ಮೈಲಿ ಕೇಳುತ್ತಿತ್ತು. ಆ ದಿನಗಳಲ್ಲಿ ನಾನು ಒಂದು ಪದ್ಯವನ್ನೂ ಬರೆಯಲಿಲ್ಲ. ಬರೆಯುವ ಅಗತ್ಯ ಬೀಳಲಿಲ್ಲ.

ಹೊಗೆ

ಅವತ್ತು ಶಿರಾದಿಂದ ಅಗಳಿ ಕಡೆಗೆ ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಅಮ್ಮ, ತಂಗಿ, ಅವಳ ಎರಡು ವರ್ಷದ ಮಗ. ತಿರುವಿನ ಆಚೆ ರಸ್ತೆ ತುಂಬ ಹುರುಳಿ ಬಳ್ಳಿ. ಬ್ರೇಕು ಒತ್ತಿದೆ. ಅಗಲದ ಟೈರು ಬಳ್ಳಿಯ ಮೇಲೆ ಎಣ್ಣೆ ಬಳಿದ ಬಂಡೆಯ ಮೇಲೆ ಜಾರಿದ ಹಾಗೆ ಜಾರಿ, ಕಾರು ಅಡ್ಡಡ್ಡ ಹೋಗಿ ಬಳ್ಳಿಯ ಗುಡ್ಡೆಯ ನಡುವೆ ನಿಂತಿತು. ಎತ್ತರದ ಗಾಡಿಯಾಗಿದ್ದರೆ ಬಳ್ಳಿ ಅಡಿಯಲ್ಲೇ ಉಳಿಯುತ್ತಿತ್ತು. ನನ್ನದು ತಗ್ಗಿಸಿದ ಕಾರು. ಒಣ ಬಳ್ಳಿ ತಿರುಗುವ ಶಾಫ್ಟಿಗೆ ಸುತ್ತಿ, ಕಾದ ಪೈಪಿಗೆ ಗಿಡಿದುಕೊಂಡಿತ್ತು. ನಾನು ಗಿಯರು ಹಾಕಿ ಮುಂದಕ್ಕೆ ಎಳೆಯಲು ನೋಡಿದೆ. ಅಷ್ಟರಲ್ಲಿ ಕಾಲಡಿಯಿಂದ ಹೊಗೆ.

ಕಣದಲ್ಲಿದ್ದ ಅಜ್ಜಿಯೊಬ್ಬರು ಕೂಗಿದರು: ‘ಅಯ್ಯೋ ನಿಮ್ಮಪ್ಪಾ, ಕಾರು ಆರ್ಸು! ಮಗೀನ ಇಳ್ಸು ಮೊದ್ಲು!’ ಅವರೇ ಬಾಗಿಲು ಕಿತ್ತಂತೆ ತೆಗೆದು ಹುಡುಗನನ್ನು ಎತ್ತಿಕೊಂಡರು. ನಾಲ್ಕು ಜನ ಸೇರಿ ಮಣ್ಣು ಎರಚಿ, ಕುಡಿಯುವ ಕೊಡದ ನೀರು ಸುರಿದು ಕಿಚ್ಚು ಆರಿಸಿದರು. ಅಡಿಯ ಬಣ್ಣ ಕಪ್ಪಾಯಿತು, ಪೆಟ್ರೋಲ್ ಪೈಪಿಗೆ ಒಂದು ಗೇಣು ಉಳಿದಿತ್ತು. ಹಾಳಾದ ಹುರುಳಿಗೆ ದುಡ್ಡು ಕೊಡಹೋದರೆ ಅಜ್ಜಿ ತಗೊಳ್ಳಲಿಲ್ಲ. ‘ಬಸ್ಸಿನಂಗೆ ಎತ್ತರಕ್ಕೆ ಮಾಡಿಸ್ಕಳಪ್ಪ’ ಅಂದರು ಅಷ್ಟೆ.

ಮರುದಿನವೇ ಹಿಂದೂಪುರ. ಹೊಸ ಸ್ಪ್ರಿಂಗು, ಮೊದಲಿನ ಅಳತೆಯ ಟೈರು, ಸರಿಯಾದ ಸೈಲೆನ್ಸರು, ಅದಕ್ಕೆ ಕಾವು ತಡೆಯುವ ತಗಡು. ಭಾಯ್ ‘ನಾನು ಹೇಳಿದ್ದೆ’ ಅನ್ನಲಿಲ್ಲ, ಅದು ಅವರ ದೊಡ್ಡತನ. ದುಂಡು ದೀಪ ಮಾತ್ರ ಉಳಿಸಿಕೊಂಡೆ.

ಆಮೇಲೆ ಕಲಿತದ್ದೇ ಹೆಚ್ಚು. ವೇಗ 60ರಿಂದ 120ಕ್ಕೆ ಎರಡರಷ್ಟಾದರೆ ಬ್ರೇಕು ತಿನ್ನಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ. ಅದೆಲ್ಲ ಶಾಖವಾಗಿ ಹೋಗಬೇಕು. ಬ್ರೇಕ್ ಎಣ್ಣೆ ಗಾಳಿಯ ತೇವ ಕುಡಿಯುತ್ತದೆ. ಹಳೆಯದಾದರೆ ಕಾವಿಗೆ ಕುದಿದು ಪೆಡಲು ಮೆತ್ತಗಾಗುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಇನ್ನು ರೇಡಿಯೇಟರು. ನಮ್ಮ ಕೊಳವೆಬಾವಿಯ ಗಡಸು ನೀರು ಹೊಯ್ದರೆ ಹಂಡೆಯ ತಳಕ್ಕೆ ಕಟ್ಟುವ ಹಾಗೆ ಅದರ ಸಣ್ಣ ಕೊಳವೆಗಳಿಗೂ ಸುಣ್ಣ ಕಟ್ಟುತ್ತದೆ. ಏಪ್ರಿಲ್ ತಿಂಗಳಲ್ಲಿ ರಸ್ತೆ ಬದಿ ಬಾನೆಟ್ ಎತ್ತಿ ನಿಂತ ಹಳೇ ಕಾರು ಕಂಡರೆ ನನಗೆ ಮೊದಲು ನೀರಿನ ಮೇಲೇ ಅನುಮಾನ. ನಾನು ಮಳೆನೀರು ಹಿಡಿದಿಟ್ಟು ಕೂಲಂಟ್ ಜತೆ ಹಾಕುತ್ತೇನೆ.

ಅಳಿಯನ ವಾದ

ಅವತ್ತು ಅಜ್ಜಿ ಎತ್ತಿಕೊಂಡ ಹುಡುಗ ಈಗ ಪಾಲಿಟೆಕ್ನಿಕ್ಕು ಓದುತ್ತಿದ್ದಾನೆ. ಅವನಿಗೆ ಟೊಯೋಟಾದ ಮೂರು ಲೀಟರಿನ, ಆರು ಸಿಲಿಂಡರಿನ 2ಜೆಝಡ್ ಇಂಜಿನ್ನಿನ ಕನಸು. ಟರ್ಬೊ ಇರುವುದಾದರೆ ಕಾರ್ಖಾನೆಯಿಂದಲೇ 300 ಅಶ್ವಶಕ್ತಿಯ ಆಸುಪಾಸು. ‘ಮಾವ, ಕಾಂಟೆಸ್ಸಾದ ಮೂತಿಯಲ್ಲಿ ಅದು ಕೂರ್ತೈತೆ, ಅಳತೆ ತಗೊಂಡೀನಿ’ ಅಂತಾನೆ. ಕೂರಬಹುದು. ಆದರೆ ಗೇರುಪೆಟ್ಟಿಗೆ, ಹಿಂದಿನ ಆಕ್ಸಲು, ಬ್ರೇಕು, ರೇಡಿಯೇಟರು ಎಲ್ಲ ಬದಲಾಗಬೇಕು. ಎತ್ತು ಕಟ್ಟುವ ನೊಗಕ್ಕೆ ಆನೆ ಕಟ್ಟಿದ ಹಾಗೆ.

ಅದೆಲ್ಲ ಮಾಡಿದರೂ ಕಾಯ್ದೆ ಬಿಡುವುದಿಲ್ಲ. 52ನೇ ಕಲಮಿನ ಪ್ರಕಾರ ಕಂಪನಿ ಮಾಡಿಕೊಟ್ಟ ರೂಪಕ್ಕೂ ಆರ್.ಸಿ.ಯಲ್ಲಿರುವ ವಿವರಕ್ಕೂ ವ್ಯತ್ಯಾಸವಾಗುವ ಹಾಗೆ ಗಾಡಿ ತಿದ್ದುವಂತಿಲ್ಲ. ಕೇರಳದಿಂದ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಸದ್ದಿಗಾಗಿ ಸೈಲೆನ್ಸರ್ ಕಿತ್ತವನನ್ನೂ, ಜೀವಕ್ಕಾಗಿ ಬ್ರೇಕು ಬಲಪಡಿಸಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಅನ್ನೋ ತಕರಾರು ನನಗಿದೆ. ಆದರೂ ಇಂಜಿನ್ ನಂಬರು ಹೊಂದದಿದ್ದರೆ ನಾಳೆ ಅಪಘಾತದಲ್ಲಿ ವಿಮೆಯವರು ಕೈ ಎತ್ತಲು ಅದೊಂದೇ ಸಾಕು. ಒಂದು ಇನಿಶಿಯಲ್ಲಿಗೆ ಮೂರು ತಿಂಗಳು ಅಲೆದವನು ನಾನು. ಇಡೀ ಇಂಜಿನ್ನಿಗೆ ಎಷ್ಟು ಅಲೆಯಬೇಕೋ ಲೆಕ್ಕ ಹಾಕು ಅಂದೆ.

ಅಲೆಯುವುದು ಹೇಗೂ ತಪ್ಪಿಲ್ಲ. ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5 ಸಾವಿರವಾಯಿತು. 2024ರಲ್ಲಿ ಕಟ್ಟಿ ಬಂದೆ. ಇಪ್ಪತ್ತು ವರ್ಷ ಮೀರಿದ ಕಾರಿಗೆ 2025ರ ಆಗಸ್ಟಿನಲ್ಲಿ ಅದನ್ನು 10 ಸಾವಿರ ಮಾಡಿದ್ದಾರೆ. ಅದರ ಜೊತೆಗೆ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲು. ಹಳೇ ಕಾರ್ಬುರೇಟರಿನ ಕಾರುಗಳ ರಬ್ಬರು ಪೈಪು, ಪಂಪಿನ ಪೊರೆ ಇದಕ್ಕೆ ಹೇಳಿಸಿದ್ದಲ್ಲ, ಊದುತ್ತವೆ, ಬಿರಿಯುತ್ತವೆ. ಎಥನಾಲು ಬರುವುದು ಕಬ್ಬು, ಅಕ್ಕಿ, ಮೆಕ್ಕೆಜೋಳದಿಂದ. ಹೋದ ವರ್ಷ ನಾನೂ ಎರಡು ಎಕರೆ ಮೆಕ್ಕೆಜೋಳ ಹಾಕಿದ್ದೆ. ಬೆಳೆದವನೂ ನಾನೇ, ರಬ್ಬರು ತಿನ್ನಿಸಿಕೊಂಡವನೂ ನಾನೇ.

ಕಳೆದ ಭಾನುವಾರ ಅಳಿಯ ಬಂದು ಪೆಟ್ರೋಲ್ ಪೈಪುಗಳನ್ನೆಲ್ಲ ಎಥನಾಲ್ ತಡೆಯುವ ಹೊಸ ರಬ್ಬರಿಗೆ ಬದಲಾಯಿಸಿದ. ಕಾರಿನ ಅಡಿ ಮಲಗಿದ್ದವನು ಆ ಹಳೇ ಕರಿಕಲೆ ಉಜ್ಜಿ ನೋಡಿ, ‘ಇದೇನಾ ಮಾವ ಅದು?’ ಅಂದ. ಹೂಂ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸ್ಟಾರ್ಟ್ ಹೊಡಿ ಮಾವ’ ಅಂದ. ಎರಡನೇ ಸಲಕ್ಕೆ ಹತ್ತಿತು.

ಒಂದು ಸುತ್ತು ಹೋಗಿ ಬರೋಣ ಅಂತ ಅವನ ಆಸೆ. ಅಗಳಿ ರಸ್ತೆಗೆ ಈ ವಾರ ಹುರುಳಿ ಹರವಿದ್ದಾರೆ. ಕಣ ಎತ್ತಲಿ ಅಂತ ಕಾರಿಗೆ ಮತ್ತೆ ತಾಡಪಾಲು ಹೊದಿಸಿದೆವು.